‘ಮನೆಗೆ ಕರ್ಕೊಂಡು ಹೋಗಿ’ ಎನ್ನುವ ಮುನ್ನ

ಘನತೆಯಿಂದ ಸಾಯುವ ಹಕ್ಕನ್ನು ಸುಪ್ರೀಂ ಕೋರ್ಟ್ ಒಪ್ಪಿ ವರ್ಷಗಳೇ ಆದವು. ಕರ್ನಾಟಕ ಸರ್ಕಾರ ಆದೇಶವನ್ನೂ ಹೊರಡಿಸಿತು. ಐಸಿಯು ಬಾಗಿಲಲ್ಲಿ ನಿಂತ ವೈದ್ಯರಿಗೆ ಆ ಕಾನೂನು ಎಷ್ಟು ಗೊತ್ತು? ಗೊತ್ತಿಲ್ಲದಿದ್ದರೆ ಅದರ ಬೆಲೆ ತೆರುವವರು ಯಾರು?

ಐಸಿಯು ಹೊರಗಿನ ಮೇಜಿನ ಮೇಲೆ ಒಂದು ಅಚ್ಚಾದ ಹಾಳೆ. ‘ವೈದ್ಯರ ಸಲಹೆಗೆ ವಿರುದ್ಧವಾಗಿ, ನಮ್ಮ ಸ್ವಂತ ಜವಾಬ್ದಾರಿಯ ಮೇಲೆ ರೋಗಿಯನ್ನು ಕರೆದೊಯ್ಯುತ್ತಿದ್ದೇವೆ’ ಎಂಬ ಒಕ್ಕಣೆಯ ಕೆಳಗೆ ಹಿರಿಯ ಮಗ ಸಹಿ ಹಾಕುತ್ತಾನೆ. ಆಸ್ಪತ್ರೆಯವರ ಬಾಯಲ್ಲಿ ಇದು ‘ಲಾಮಾ’. ಸ್ವಲ್ಪ ಹೊತ್ತಿನ ಹಿಂದೆ ಅದೇ ವೈದ್ಯರು, ‘ನಮ್ಮ ಕೈಲಿ ಇನ್ನೇನೂ ಉಳಿದಿಲ್ಲ, ಬೇಕಿದ್ರೆ ಮನೆಗೆ ಕರ್ಕೊಂಡು ಹೋಗಿ’ ಎಂದಿರುತ್ತಾರೆ. ಸಲಹೆ ಕೊಟ್ಟವರೂ ಅವರೇ, ಸಲಹೆಗೆ ವಿರುದ್ಧ ಎಂದು ಬರೆಸಿಕೊಂಡವರೂ ಅವರೇ. ಗಂಟಲಿಗಿಳಿಸಿದ ಕೊಳವೆ ಹಾಗೇ ಇರುತ್ತದೆ. ಆಂಬುಲೆನ್ಸ್‌ನಲ್ಲಿ ಜೊತೆಗೆ ಬಂದ ಹುಡುಗ ಊರು ಮುಟ್ಟುವ ತನಕ ಉಸಿರು ತುಂಬುವ ಅಂಬು ಬ್ಯಾಗ್ ಒತ್ತುತ್ತಾ ಕೂರುತ್ತಾನೆ. ಪಡಸಾಲೆಯಲ್ಲಿ ಚಾಪೆ ಹಾಸಿದೆ, ನೆಂಟರು ಸೇರಿದ್ದಾರೆ, ತುಳಸಿ ನೀರು ಬಿಡೋಣವೆಂದರೆ ಬಾಯಿಗೆ ಕೊಳವೆ ಅಡ್ಡ. ಕೊನೆಗೆ ಆ ಹುಡುಗನೇ ಕೆನ್ನೆಯ ಮೇಲಿನ ಪ್ಲಾಸ್ಟರ್ ಬಿಚ್ಚಿ ಕೊಳವೆ ಎಳೆಯುತ್ತಾನೆ. ಉಸಿರು ಕಟ್ಟುವ ಸಂಕಟ ಇಳಿಸಲು ಮಾರ್ಫಿನ್ ಇಲ್ಲ, ಪಕ್ಕದಲ್ಲಿ ನರ್ಸ್ ಇಲ್ಲ. ಆಸ್ಪತ್ರೆಯ ಕಡತದಲ್ಲಿ ಇದೊಂದು ಬಿಡುಗಡೆ, ಅಷ್ಟೆ.

ಇದನ್ನು ಯಾರೂ ದಯಾಮರಣ ಎನ್ನುವುದಿಲ್ಲ. ಆದರೆ ಜೀವರಕ್ಷಕ ಯಂತ್ರವನ್ನು ತೆಗೆದದ್ದು ನಿಜ, ಅದರಿಂದ ಸಾವು ಬಂದದ್ದು ನಿಜ. ಇದೇ ಕೆಲಸವನ್ನು ಆಸ್ಪತ್ರೆಯ ಹಾಸಿಗೆಯಲ್ಲೇ, ನೋವು ತಗ್ಗಿಸುವ ಔಷಧ ಕೊಟ್ಟು, ಮನೆಯವರು ಕೈ ಹಿಡಿದು ಕೂತಿರುವಾಗ, ಎರಡು ತಜ್ಞ ಮಂಡಳಿಗಳ ಲಿಖಿತ ಒಪ್ಪಿಗೆಯೊಂದಿಗೆ ಮಾಡಲು ದೇಶದ ಕಾನೂನು ಅವಕಾಶ ಕೊಟ್ಟಿದೆ. ಹಾಗಿದ್ದೂ ಲಾಮಾ ಹಾಳೆಯೇ ಏಕೆ ಮೇಜಿನ ಮೇಲಿರುತ್ತದೆ? ನಮ್ಮ ವೈದ್ಯರ ಮನಸ್ಸು ಕಲ್ಲಾಗಿದೆ ಎಂದಾಗಲಿ, ಧರ್ಮಭೀತಿ ಅವರನ್ನು ಕಟ್ಟಿಹಾಕಿದೆ ಎಂದಾಗಲಿ ಹೇಳಲು ಆಧಾರ ಸಾಲದು. ಸಿಕ್ಕುವ ಪುರಾವೆಯೆಲ್ಲ ತೋರಿಸುವುದು ಬೇರೆ: ಅವರಿಗೆ ಮನಸ್ಸಿದೆ, ಕಾನೂನಿನ ನಿಖರ ತಿಳಿವಳಿಕೆ ಇಲ್ಲ. ಆ ತಿಳಿಯದ ಜಾಗದಲ್ಲಿ ‘ಕೇಸ್ ಆಗಿಬಿಟ್ಟರೆ?’ ಎಂಬ ಭಯ ಬಂದು ಕೂತಿದೆ.

ಹಳದೀಪುರದಿಂದ ಶುರುವಾದ ದಾರಿ

ಈ ಕಾನೂನಿನ ಕಥೆಗೆ ಕನ್ನಡ ನಾಡಿನ ನಂಟು ಹಳೆಯದು. ಉತ್ತರ ಕನ್ನಡದ ಹಳದೀಪುರದಿಂದ ಮುಂಬೈಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ ಅವರ ಮೇಲೆ 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ಎರಗಿದ. ನಾಯಿ ಕಟ್ಟುವ ಸರಪಳಿ ಕುತ್ತಿಗೆಗೆ ಬಿಗಿದದ್ದರಿಂದ ಮಿದುಳಿಗೆ ಆಮ್ಲಜನಕ ತಪ್ಪಿತು. ಅರುಣಾ ಮತ್ತೆ ಏಳಲಿಲ್ಲ. ಪತ್ರಕರ್ತೆ ಪಿಂಕಿ ವಿರಾನಿ ಆಕೆಯ ಪರವಾಗಿ ಸುಪ್ರೀಂ ಕೋರ್ಟ್‌ಗೆ ಹೋದರು. ಕೋರ್ಟ್ ಮೂವರು ವೈದ್ಯರನ್ನು ಕಳಿಸಿ ಪರೀಕ್ಷೆ ಮಾಡಿಸಿತು. 2011ರ ಮಾರ್ಚ್ 7ರ ತೀರ್ಪು ಆಕೆಯ ವಿಷಯದಲ್ಲಿ ‘ಬೇಡ’ ಎಂದರೂ, ಹೈಕೋರ್ಟ್ ಒಪ್ಪಿದರೆ ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯಬಹುದು ಎಂಬ ಬಾಗಿಲನ್ನು ಮೊದಲ ಬಾರಿಗೆ ತೆರೆಯಿತು. ಅರುಣಾ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡರು.

2018ರ ಮಾರ್ಚ್ 9ರಂದು ‘ಕಾಮನ್ ಕಾಸ್’ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ, ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೆ ಘನತೆಯಿಂದ ಸಾಯುವ ಹಕ್ಕೂ ಇದೆ ಎಂದಿತು. ಚೇತರಿಕೆಯ ಆಸೆ ಇಲ್ಲದಾಗ ಯಾವ ಚಿಕಿತ್ಸೆ ಬೇಡ ಎಂದು ಮೊದಲೇ ತಿಳಿಸುವ ‘ಲಿವಿಂಗ್ ವಿಲ್’ ಬರೆದಿಡಲು ಅನುಮತಿ ಕೊಟ್ಟಿತು. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಸಿದುಕೊಂಡಂತೆ ವಿಧಿವಿಧಾನವನ್ನು ಅಷ್ಟೇ ಕಠಿಣ ಮಾಡಿತು. ವಿಲ್‌ಗೆ ಜುಡಿಷಿಯಲ್ ಮ್ಯಾಜಿಸ್ಟ್ರೇಟರ ಸಹಿ ಬೇಕು, 20 ವರ್ಷ ಅನುಭವದ ತಜ್ಞರ ಮಂಡಳಿ ಬೇಕು, ಜಿಲ್ಲಾಧಿಕಾರಿ ಎರಡನೇ ಮಂಡಳಿ ರಚಿಸಬೇಕು, ಮ್ಯಾಜಿಸ್ಟ್ರೇಟರೇ ಆಸ್ಪತ್ರೆಗೆ ಬಂದು ರೋಗಿಯನ್ನು ನೋಡಬೇಕು. ಅಷ್ಟೆಲ್ಲ ಮುಗಿಯುವವರೆಗೆ ಯಾವ ರೋಗಿ ಕಾದಾನು?

ಇಲ್ಲಿ ಗಮನಿಸಬೇಕಾದದ್ದು ಆಮೇಲೆ ನಡೆದದ್ದನ್ನು. ಈ ನಿಯಮಗಳು ನಡೆಯುವಂಥವಲ್ಲ, ಸಡಿಲಿಸಿ ಎಂದು ಮತ್ತೆ ಸುಪ್ರೀಂ ಕೋರ್ಟ್ ಕದ ತಟ್ಟಿದ್ದು ರೋಗಿಗಳ ಸಂಘವಲ್ಲ, ಭಾರತೀಯ ತೀವ್ರ ನಿಗಾ ವೈದ್ಯರ ಸಂಘ. ಅಂದರೆ ಐಸಿಯುಗಳನ್ನು ನಡೆಸುವವರೇ. ಅವರ ಅರ್ಜಿಯ ಮೇಲೆಯೇ 2023ರ ಜನವರಿ 24ರಂದು ನಿಯಮ ಸಡಿಲವಾಯಿತು. 2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆ ಈ ತೀರ್ಪನ್ನು ರಾಜ್ಯದಲ್ಲಿ ಜಾರಿಗೆ ತರುವ ಆದೇಶ ಹೊರಡಿಸಿತು.

■ ಕಡತ ಸಾಗುವ ಬಗೆ
• ಮೊದಲ ಮಂಡಳಿ: ಚಿಕಿತ್ಸೆ ನೀಡುತ್ತಿರುವ ವೈದ್ಯರ ಜೊತೆ ಕನಿಷ್ಠ 5 ವರ್ಷ ಅನುಭವದ ಇಬ್ಬರು ತಜ್ಞರು.
• ಎರಡನೇ ಮಂಡಳಿ: ಮೊದಲಿನವರನ್ನು ಬಿಟ್ಟು ಬೇರೆ ಮೂವರು. ಒಬ್ಬರನ್ನು ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಹೆಸರಿಸುತ್ತಾರೆ.
• ಪ್ರತಿ ಮಂಡಳಿಯೂ ಆದಷ್ಟು ಮಟ್ಟಿಗೆ 48 ಗಂಟೆಯೊಳಗೆ ಅಭಿಪ್ರಾಯ ಕೊಡಬೇಕು.
• ರೋಗಿ ಹೆಸರಿಸಿದವರ ಅಥವಾ ಹತ್ತಿರದ ಬಂಧುಗಳ ಒಪ್ಪಿಗೆ ಕಡ್ಡಾಯ.
• ಮ್ಯಾಜಿಸ್ಟ್ರೇಟರಿಗೆ ಮಾಹಿತಿ ಕೊಟ್ಟರೆ ಸಾಕು, ಅವರ ಅಪ್ಪಣೆಗೆ ಕಾಯಬೇಕಿಲ್ಲ.
• ಮಂಡಳಿ ಒಪ್ಪದಿದ್ದರೆ ಹೈಕೋರ್ಟ್‌ಗೆ ಹೋಗಬಹುದು.

ಮನಸ್ಸಿದೆ, ಆದರೆ ಯಾವುದಕ್ಕೆ?

ವೈದ್ಯರ ಮನೋಭಾವ ಅಳೆಯುವ ಸಮೀಕ್ಷೆಗಳು ನಮ್ಮಲ್ಲಿಯೂ ನಡೆದಿವೆ. ದಕ್ಷಿಣ ಭಾರತದ ಒಂದು ದೊಡ್ಡ ಆಸ್ಪತ್ರೆಯ ವೈದ್ಯರನ್ನು ಕೇಳಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ ಸುಮಾರು 69 ಮಂದಿ ದಯಾಮರಣದ ಪರಿಕಲ್ಪನೆಯನ್ನು ಬೆಂಬಲಿಸಿದ್ದರು. ತಡೆಯಲಾಗದ ನೋವಿನಿಂದ ಬಿಡುಗಡೆ ಸಿಗಲಿ ಎಂಬುದೇ ಅವರು ಕೊಟ್ಟ ಮುಖ್ಯ ಕಾರಣ. ಇಂಥ ಅಂಕಿಗಳನ್ನು ಕಂಡ ಕೂಡಲೇ ‘ವೈದ್ಯರು ದಯಾಮರಣದ ಪರ’ ಎಂದು ಷರಾ ಬರೆಯುವುದು ಸುಲಭ. ಆದರೆ ಹೌದು ಎಂದವರು ಯಾವುದಕ್ಕೆ ಹೌದು ಎಂದರು? ವಿಷದ ಚುಚ್ಚುಮದ್ದಿಗೋ, ವೆಂಟಿಲೇಟರ್ ತೆಗೆಯುವುದಕ್ಕೋ, ನಾಲ್ಕನೇ ಸಲ ಡಯಾಲಿಸಿಸ್ ಬೇಡ ಎನ್ನುವುದಕ್ಕೋ? ಪ್ರಶ್ನೆಯೊಳಗೇ ನಾಲ್ಕಾರು ಕೆಲಸಗಳು ಕಲಸಿಕೊಂಡಿದ್ದರೆ ಉತ್ತರದಿಂದ ತಿಳಿಯುವುದು ಅಷ್ಟಕ್ಕಷ್ಟೆ. ಪರಿಕಲ್ಪನೆಗೆ ಒಪ್ಪುವವರೆಲ್ಲ ಅದನ್ನು ಮಾಡಲು ಮುಂದಾಗುವುದೂ ಇಲ್ಲ. ಬ್ರಿಟನ್‌ನ ವೈದ್ಯಕೀಯ ಸಂಘ 2020ರಲ್ಲಿ ನಡೆಸಿದ ಸಮೀಕ್ಷೆಗೆ ಸುಮಾರು 29 ಸಾವಿರ ವೈದ್ಯರು ಉತ್ತರಿಸಿದರು. ಸಾಯಲು ಬಯಸುವ ರೋಗಿಗೆ ಔಷಧ ಬರೆದುಕೊಡಲು ಕಾನೂನು ಇರಲಿ ಎಂದು ವೈಯಕ್ತಿಕವಾಗಿ ಹೇಳಿದವರು ನೂರಕ್ಕೆ 50. ಆ ಚೀಟಿ ನಾನೇ ಬರೆಯುತ್ತೇನೆ ಎಂದವರು 36. ವೈದ್ಯರೇ ಚುಚ್ಚುಮದ್ದು ಕೊಡುವ ಮಾತು ಬಂದಾಗ ‘ನಾನು ಸಿದ್ಧ’ ಎಂದವರು 26 ಮಾತ್ರ. ಕೆಲಸ ಕೈಗೆ ಹತ್ತಿರ ಬಂದಷ್ಟೂ ಒಪ್ಪಿಗೆ ಕರಗುತ್ತದೆ.

ನಮ್ಮ ದೇಶದ ಮಟ್ಟಿಗೆ ಈ ಚುಚ್ಚುಮದ್ದಿನ ಪ್ರಶ್ನೆಯೇ ಅಪ್ರಸ್ತುತ. ಸಾವು ತರಲೆಂದೇ ಏನನ್ನಾದರೂ ಕೊಡುವುದು ಭಾರತದಲ್ಲಿ ಅಂದಿಗೂ ಅಪರಾಧ, ಇಂದಿಗೂ ಅಪರಾಧ. ಕಾನೂನು ಒಪ್ಪಿರುವುದು ಚೇತರಿಕೆಯ ಆಸೆಯೇ ಇಲ್ಲದ ರೋಗಿಗೆ ಫಲವಿಲ್ಲದ ಚಿಕಿತ್ಸೆಯನ್ನು ಆರಂಭಿಸದಿರುವುದನ್ನು ಅಥವಾ ನಿಲ್ಲಿಸುವುದನ್ನು ಮಾತ್ರ. ಸರ್ಕಾರದ ಆದೇಶ ಹೊರಬಿದ್ದಾಗ ‘ರಾಜ್ಯದಲ್ಲಿ ದಯಾಮರಣಕ್ಕೆ ಅಸ್ತು’ ಎಂಬ ಧಾಟಿಯ ಸುದ್ದಿಗಳು ಬಂದವು. ಓದಿದ ಸಾಮಾನ್ಯರು ಗೊಂದಲಕ್ಕೆ ಬಿದ್ದರೆ ಅಚ್ಚರಿಯಿಲ್ಲ. ಬಿಳಿ ಕೋಟು ತೊಟ್ಟವರೂ ಅದೇ ಗೊಂದಲದಲ್ಲಿರುವುದು ತೊಂದರೆ.

ತಿಳಿಯದ್ದು ಎಲ್ಲೆಲ್ಲಿ?

ವೈದ್ಯರ ಸ್ವಂತ ನಡತೆ ಸಂಹಿತೆಯನ್ನೇ ನೋಡಿ. 2002ರಲ್ಲಿ ರೂಪುಗೊಂಡ ವೈದ್ಯಕೀಯ ಪರಿಷತ್ತಿನ ನಿಯಮಾವಳಿಯ 6.7ನೇ ಅಂಶ, ದಯಾಮರಣ ನಡೆಸುವುದು ಅನೈತಿಕ ನಡತೆ ಎನ್ನುತ್ತದೆ. ಮಿದುಳು ಸತ್ತ ಮೇಲೆ ಹೃದಯ, ಶ್ವಾಸಕೋಶಗಳಿಗೆ ಕೊಟ್ಟ ಆಸರೆಯನ್ನು ವೈದ್ಯರ ತಂಡ ಹಿಂತೆಗೆಯಬಹುದು ಎಂಬ ಒಂದು ವಿನಾಯಿತಿ ಬಿಟ್ಟರೆ ಅಲ್ಲಿ ಬೇರೆ ಮಾತಿಲ್ಲ. 2018ರ ತೀರ್ಪಿನ ಗಾಳಿ ಅದಕ್ಕೆ ಸೋಕಿಲ್ಲ. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮ ತಂದಿತು, ಅದೇ ತಿಂಗಳು ತಡೆಹಿಡಿಯಿತು, ಹಳೆಯ ಸಂಹಿತೆಯೇ ಮತ್ತೆ ಜಾರಿಗೆ ಬಂತು. ಒಬ್ಬ ವೈದ್ಯ ಪ್ರಾಮಾಣಿಕವಾಗಿ ತನ್ನ ಪರಿಷತ್ತಿನ ಪುಸ್ತಕ ತೆರೆದು ನೋಡಿದರೆ ಸುಪ್ರೀಂ ಕೋರ್ಟ್ ಹೇಳಿದ್ದು ಅಲ್ಲಿ ಕಾಣುವುದೇ ಇಲ್ಲ. ಇದನ್ನು ಅವರ ಅಜ್ಞಾನ ಎಂದು ಮೂದಲಿಸುವುದು ಅನ್ಯಾಯ.

ಇನ್ನೊಂದು ಗೊಂದಲ ಮಿದುಳಿನ ಸಾವಿನದು. 1994ರ ಅಂಗಾಂಗ ಕಸಿ ಕಾಯ್ದೆ ಮಿದುಳಿನ ಸಾವನ್ನು ಸಾವು ಎಂದು ಒಪ್ಪಿದೆ, ಆದರೆ ಅಂಗಾಂಗ ದಾನದ ಚೌಕಟ್ಟಿನೊಳಗೆ. ಮನೆಯವರು ದಾನಕ್ಕೆ ಒಪ್ಪದಿದ್ದರೆ? ವೆಂಟಿಲೇಟರ್ ತೆಗೆಯಬಹುದೇ ಎಂಬಲ್ಲಿ ಅನೇಕ ವೈದ್ಯರು ತಡವರಿಸುತ್ತಾರೆ. ವೈದ್ಯಶಾಸ್ತ್ರದ ಪ್ರಕಾರ ತೀರಿಕೊಂಡವರ ಎದೆ ಯಂತ್ರದ ಬಲದಿಂದ ಏರಿಳಿಯುತ್ತಿರುತ್ತದೆ, ಹೊರಗೆ ಬಿಲ್ಲು ಏರುತ್ತಿರುತ್ತದೆ. ಕೇರಳ ಸರ್ಕಾರ 2020ರಲ್ಲಿ ಮಿದುಳಿನ ಸಾವಿನ ದೃಢೀಕರಣವನ್ನು ಅಂಗದಾನದಿಂದ ಬೇರ್ಪಡಿಸಿ ಮಾರ್ಗಸೂಚಿ ಹೊರಡಿಸಿದ್ದು ಈ ಗಂಟು ಬಿಡಿಸಲೆಂದೇ.

ಎಲ್ಲಕ್ಕಿಂತ ದುಬಾರಿ ತಪ್ಪು ತಿಳಿವಳಿಕೆ ಮೂರನೆಯದು: ಚಿಕಿತ್ಸೆ ಶುರು ಮಾಡದಿದ್ದರೆ ಸರಿ, ಶುರು ಮಾಡಿದ್ದನ್ನು ನಿಲ್ಲಿಸಿದರೆ ಕೊಲೆ ಎಂಬುದು. ಹೀಗೆ ನಂಬಿದ ವೈದ್ಯರು ‘ಒಮ್ಮೆ ವೆಂಟಿಲೇಟರ್ ಹಾಕಿದರೆ ತೆಗೆಯುವ ಹಾಗಿಲ್ಲ’ ಎಂದು ಮನೆಯವರಿಗೂ ಹೇಳುತ್ತಾರೆ. ಕಾನೂನು ಹಾಗೆ ಹೇಳುವುದಿಲ್ಲ, ಆರಂಭಿಸದಿರುವುದು ಮತ್ತು ಹಿಂತೆಗೆಯುವುದು ಎರಡಕ್ಕೂ ಅದು ಒಂದೇ ದಾರಿ ತೋರಿಸಿದೆ. ಪರಿಣಾಮ ವಿಚಿತ್ರ. ಬದುಕುವ ಅವಕಾಶ ಅಷ್ಟಿಷ್ಟು ಇರುವ ರೋಗಿಗೂ, ‘ತೆಗೆಯಲಾಗದಿದ್ದರೆ ಹಾಕುವುದೇ ಬೇಡ’ ಎಂದು ಬಡ ಕುಟುಂಬ ಮೊದಲೇ ಕೈಚೆಲ್ಲುತ್ತದೆ. ‘ಐದು ದಿನ ಹಾಕಿ ನೋಡೋಣ, ಸುಧಾರಿಸದಿದ್ದರೆ ಕೂತು ಮಾತಾಡೋಣ’ ಎನ್ನುವ ಧೈರ್ಯ ವೈದ್ಯರಿಗೆ ಬಂದರೆ ಕೆಲವರಾದರೂ ಉಳಿದಾರು. ದಯಾಮರಣದ ಕಾನೂನನ್ನು ತಿಳಿದುಕೊಳ್ಳುವುದರಿಂದ ಜೀವ ಉಳಿಯಬಹುದು ಎಂಬ ಮಾತು ಮೊದಲು ಕೇಳಿದಾಗ ಎಡವಟ್ಟೆನಿಸುತ್ತದೆ, ವಾರ್ಡಿನ ಲೆಕ್ಕದಲ್ಲಿ ಅದು ಸರಿಯಾಗಿಯೇ ಇದೆ.

ಮಾರ್ಫಿನ್ ಭಯ ಇದರ ಇನ್ನೊಂದು ಮುಖ. ಉಬ್ಬಸ, ನೋವು ತಗ್ಗಿಸುವಷ್ಟು ಮಾರ್ಫಿನ್ ಕೊಡುವುದು ಶಮನ ಚಿಕಿತ್ಸೆ, ಸಾಯಿಸುವುದಲ್ಲ. ಮಾದಕ ವಸ್ತು ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾಗಿ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳುವುದು ಸಲೀಸಾಯಿತು. ಆದರೂ ಎಷ್ಟೋ ಕಡೆ ಕಪಾಟು ಖಾಲಿ.

■ ಸಂಖ್ಯೆಗಳಲ್ಲಿ
• 2015ರ ‘ಸಾವಿನ ಗುಣಮಟ್ಟ’ ಸೂಚ್ಯಂಕದಲ್ಲಿ 80 ದೇಶಗಳ ಪೈಕಿ ಭಾರತದ ಸ್ಥಾನ 67.
• ಜಗತ್ತಿನಲ್ಲಿ ಶಮನ ಚಿಕಿತ್ಸೆ ಬೇಕಾದವರಲ್ಲಿ ಅದು ಸಿಗುವುದು ನೂರಕ್ಕೆ ಸುಮಾರು 14 ಮಂದಿಗೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.
• ಅಮೆರಿಕದ ಐದು ಆಸ್ಪತ್ರೆಗಳಲ್ಲಿ ನಡೆದು 1995ರಲ್ಲಿ ಪ್ರಕಟವಾದ ‘ಸಪೋರ್ಟ್’ ಅಧ್ಯಯನ: ಹೃದಯ ನಿಂತಾಗ ಎದೆ ಒತ್ತುವುದು ಬೇಡ ಎಂಬ ರೋಗಿಗಳ ಇಚ್ಛೆ ಅವರ ವೈದ್ಯರಿಗೆ ತಿಳಿದಿದ್ದದ್ದು ನೂರಕ್ಕೆ 47 ಪ್ರಕರಣಗಳಲ್ಲಿ ಮಾತ್ರ.

ಆಕ್ಷೇಪಗಳು ಹಗುರವಲ್ಲ

ಮೊದಲ ಆಕ್ಷೇಪ ಎಲ್ಲರಿಗೂ ಹೊಳೆಯುವಂಥದು. ಆಸ್ತಿಗಾಗಿ ಮಕ್ಕಳು, ಹಾಸಿಗೆ ಖಾಲಿ ಮಾಡಿಸಲು ಆಸ್ಪತ್ರೆಯವರು ಇದನ್ನು ದುರುಪಯೋಗ ಮಾಡಿಕೊಂಡರೆ? ದುಡ್ಡಿಲ್ಲದವರನ್ನು ಸಾವಿನ ಕಡೆಗೆ ತಳ್ಳಿದರೆ? ಆತಂಕ ಸುಳ್ಳಲ್ಲ. ಆದರೆ ಹೋಲಿಸಬೇಕಾದದ್ದು ಯಾವುದರ ಜೊತೆ? ಇವತ್ತು ನಡೆಯುತ್ತಿರುವ ಲಾಮಾದಲ್ಲಿ ಎರಡನೇ ವೈದ್ಯರ ಅಭಿಪ್ರಾಯವಿಲ್ಲ, ಮಂಡಳಿಯಿಲ್ಲ, ಮ್ಯಾಜಿಸ್ಟ್ರೇಟರಿಗೆ ಪತ್ರವಿಲ್ಲ, ರೋಗಿಗೆ ಚೇತರಿಕೆಯ ಅವಕಾಶ ಇತ್ತೇ ಎಂಬ ದಾಖಲೆಯಿಲ್ಲ. ದುಡ್ಡು ಮುಗಿದ ದಿನವೇ ಅಲ್ಲಿ ತೀರ್ಮಾನದ ದಿನ. ದುರುಪಯೋಗ ಮಾಡಬೇಕೆಂದವರಿಗೆ ಅದಕ್ಕಿಂತ ಸಲೀಸಾದ ದಾರಿ ಇನ್ನೊಂದಿಲ್ಲ. ಎರಡು ಮಂಡಳಿಗಳ ಕಡತ ಪರಿಪೂರ್ಣವಲ್ಲದಿರಬಹುದು, ಆದರೆ ನಾಳೆ ಯಾರಾದರೂ ಪ್ರಶ್ನಿಸಿದರೆ ತೆರೆದು ನೋಡಲು ಒಂದು ಕಡತವಾದರೂ ಇರುತ್ತದೆ.

ಜೀವ ಉಳಿಸುವುದೇ ವೈದ್ಯಧರ್ಮ, ಕೈಬಿಡುವುದಲ್ಲ ಎಂಬುದು ಎರಡನೆಯದು. ಇದಕ್ಕೆ ಪಶ್ಚಿಮದ ಪ್ರತಿಜ್ಞೆಗಳನ್ನೇ ತಡಕಬೇಕಿಲ್ಲ. ಚರಕ ಸಂಹಿತೆ ರೋಗಗಳನ್ನು ಸುಖಸಾಧ್ಯ, ಕೃಚ್ಛ್ರಸಾಧ್ಯ, ಯಾಪ್ಯ, ಪ್ರತ್ಯಾಖ್ಯೇಯ ಎಂದು ವಿಂಗಡಿಸುತ್ತದೆ. ಯಾವುದು ಗುಣವಾಗದು ಎಂದು ಗುರುತಿಸುವುದೂ ವೈದ್ಯನ ವಿದ್ಯೆಯ ಭಾಗವೇ ಆಗಿತ್ತು. ಅಸಾಧ್ಯ ಎಂದರೆ ಕೈತೊಳೆದುಕೊಳ್ಳಬಹುದು ಎಂದಷ್ಟೇ ಅರ್ಥ ಮಾಡಿಕೊಂಡರೆ ಅದೂ ಇನ್ನೊಂದು ಲಾಮಾ ಆಗುತ್ತದೆ, ನಿಜ. ಗುಣಪಡಿಸುವ ಚಿಕಿತ್ಸೆ ನಿಂತರೂ ಆರೈಕೆ ನಿಲ್ಲಬಾರದು ಎಂಬುದನ್ನು ಶಮನ ಚಿಕಿತ್ಸೆ ಸೇರಿಸಿದೆ. ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆಗಳು ಕ್ಯಾನ್ಸರ್ ರೋಗಿಗಳ ಕೊನೆಯ ದಿನಗಳಲ್ಲಿ ದಶಕಗಳಿಂದ ಮಾಡುತ್ತಿರುವುದು ಇದನ್ನೇ.

ಮೂರನೆಯ ಆಕ್ಷೇಪವನ್ನು ಕೆಇಎಂ ಆಸ್ಪತ್ರೆಯ ನರ್ಸುಗಳು ಬಾಯಲ್ಲಿ ಹೇಳಿದ್ದಕ್ಕಿಂತ ಕೈಯಲ್ಲಿ ಮಾಡಿ ತೋರಿಸಿದರು. ಅಷ್ಟು ವರ್ಷ ಹಾಸಿಗೆ ಹಿಡಿದ ಅರುಣಾ ಅವರ ಮೈಮೇಲೆ ಹಾಸಿಗೆ ಹುಣ್ಣು ಏಳದಂತೆ ನೋಡಿಕೊಂಡ ಅವರು ‘ಇವಳು ನಮ್ಮವಳು, ನಾವು ನೋಡಿಕೊಳ್ಳುತ್ತೇವೆ’ ಎಂದು ನಿಂತರು. ಕೋರ್ಟ್ ಅವರ ಮಾತಿಗೇ ಬೆಲೆ ಕೊಟ್ಟಿತು, ಅರ್ಜಿದಾರರಿಗಲ್ಲ. ಇದನ್ನು ಕಾನೂನಿನ ವಿರುದ್ಧದ ವಾದವೆಂದು ಹಲವರು ಬಳಸುತ್ತಾರೆ. ನನಗೆ ಕಾಣುವುದು ಉಲ್ಟಾ. ಆಕೆ ವೆಂಟಿಲೇಟರ್ ಮೇಲಿರಲಿಲ್ಲ, ಆರೈಕೆ ಮಾಡುವವರು ಬೇಡ ಎಂದರು, ಕಾನೂನು ಅಲ್ಲಿಗೇ ನಿಂತಿತು. ಹಕ್ಕು ಎಂದರೆ ಒತ್ತಾಯವಲ್ಲ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೆ?

ಹೆಚ್ಚು ತೂಕವಿರುವುದು ನಾಲ್ಕನೆಯದಕ್ಕೆ. ಕೇಂದ್ರ ಆರೋಗ್ಯ ಇಲಾಖೆ 2024ರಲ್ಲಿ ಜೀವರಕ್ಷಕ ಚಿಕಿತ್ಸೆ ಹಿಂತೆಗೆಯುವ ಕರಡು ಮಾರ್ಗಸೂಚಿ ಹೊರತಂದಾಗ, ಇದು ವೈದ್ಯರನ್ನು ಕಾನೂನಿನ ಕಣ್ಗಾವಲಿಗೂ ಒತ್ತಡಕ್ಕೂ ದೂಡುತ್ತದೆ ಎಂದು ಭಾರತೀಯ ವೈದ್ಯಕೀಯ ಸಂಘ ತಕರಾರು ತೆಗೆಯಿತು. ತಿಳಿವಳಿಕೆ ಕೊಟ್ಟರೆ ಸಾಲದು, ಸಂಸತ್ತಿನ ಕಾಯ್ದೆಯ ರಕ್ಷಣೆ ಬೇಕು ಎಂಬ ವಾದ ಇದರೊಳಗಿದೆ. ಅದನ್ನು ಒಪ್ಪಬೇಕು. ಕಾನೂನು ಆಯೋಗ 2006ರಲ್ಲೂ 2012ರಲ್ಲೂ ಶಿಫಾರಸು ಮಾಡಿತು, 2016ರಲ್ಲಿ ಮಸೂದೆಯ ಕರಡು ಸಾರ್ವಜನಿಕರ ಮುಂದೆ ಬಂತು, ಅಲ್ಲೇ ನಿಂತಿತು. ಕೋರ್ಟಿನ ನಿರ್ದೇಶನ ಕಾಯ್ದೆ ಬರುವವರೆಗೆ ಕಾನೂನೇ ಹೌದು, ಆದರೆ ರಾತ್ರಿ ಪಾಳಿಯ ವೈದ್ಯರಿಗೆ ಆಕ್ರೋಶಗೊಂಡ ನೆಂಟರ ಮುಂದೆ ತೀರ್ಪಿನ ನೂರಾರು ಪುಟ ಓದಿ ಹೇಳಲು ಆಗುವುದಿಲ್ಲ. ಆದರೂ ಕಾಯ್ದೆ ಬರುವ ತನಕ ಸುಮ್ಮನಿರೋಣ ಎಂಬಲ್ಲಿಗೆ ಈ ವಾದ ಹೋಗಬಾರದು. ಇವತ್ತಿನ ನಿಯಮದಂತೆ ನಡೆದು ಎರಡು ಮಂಡಳಿಯ ಸಹಿ ಇಟ್ಟುಕೊಂಡ ವೈದ್ಯರಿಗೆ, ಬರೀ ಲಾಮಾ ಹಾಳೆ ಹಿಡಿದವರಿಗಿಂತ ಗಟ್ಟಿ ರಕ್ಷಣೆ ಇದೆ.

ಕಲಿಸಿದವರಿದ್ದಾರೆ

ವೈದ್ಯರಿಗೆ ಕಲಿಸುವ ಕೆಲಸವನ್ನು ಕಾನೂನಿನೊಳಗೇ ಹೆಣೆದ ಉದಾಹರಣೆಗಳಿವೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 2019ರಿಂದ ಜಾರಿಯಲ್ಲಿರುವ ಕಾಯ್ದೆಯಂತೆ, ನಿಗದಿತ ತರಬೇತಿ ಮುಗಿಸದ ವೈದ್ಯರು ರೋಗಿಯ ಅರ್ಹತೆಯನ್ನು ಪರಿಶೀಲಿಸುವಂತೆಯೇ ಇಲ್ಲ. ನೆದರ್ಲೆಂಡ್ಸ್‌ನಲ್ಲಿ 2002ರ ಕಾನೂನಿನ ಜೊತೆಜೊತೆಗೆ ‘ಸ್ಕೆನ್’ ಎಂಬ ಜಾಲವಿದೆ. ಊರ ಡಾಕ್ಟರು ಗೊಂದಲಕ್ಕೆ ಬಿದ್ದರೆ, ಇದಕ್ಕೆಂದೇ ತರಬೇತಿ ಪಡೆದ ಇನ್ನೊಬ್ಬ ವೈದ್ಯರನ್ನು ಕರೆಯಬಹುದು. ಆ ದೇಶಗಳು ಒಪ್ಪಿರುವುದು ನಾವು ಒಪ್ಪದ ಸಕ್ರಿಯ ದಯಾಮರಣವನ್ನು, ಆದ್ದರಿಂದ ಕಾನೂನನ್ನು ಎರವಲು ತರುವ ಪ್ರಶ್ನೆ ಇಲ್ಲ. ಎರವಲು ತರಬಹುದಾದದ್ದು ಕಲಿಸುವ ಏರ್ಪಾಡನ್ನು. ನಮ್ಮಲ್ಲೇ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ ಬದುಕಿನ ಕೊನೆಯ ಹಂತದ ಆರೈಕೆಗೆ ಲಿಖಿತ ನೀತಿ ಮಾಡಿಕೊಂಡಿದೆ. ನೀತಿ ಗೋಡೆಯ ಮೇಲಿದ್ದರೆ ಕಿರಿಯ ವೈದ್ಯರು ಪ್ರತಿ ಸಲ ಹೊಸದಾಗಿ ಹೆದರಬೇಕಾಗುವುದಿಲ್ಲ.

ಕರ್ನಾಟಕದ ಆದೇಶದಲ್ಲಿ ಒಂದು ತೊಡಕು ಉಳಿದಿದೆ. ಎರಡನೇ ಮಂಡಳಿಗೆ ಡಿಎಚ್‌ಒ ಹೆಸರಿಸುವುದು ಅಂಗಾಂಗ ಕಸಿ ಕಾಯ್ದೆಯಡಿ ಮಾನ್ಯತೆ ಪಡೆದ ನರರೋಗ ತಜ್ಞರು, ಶಸ್ತ್ರಚಿಕಿತ್ಸಕರು, ಅರಿವಳಿಕೆ ಅಥವಾ ತೀವ್ರ ನಿಗಾ ತಜ್ಞರಂಥವರನ್ನು. ಬೆಂಗಳೂರು, ಮಂಗಳೂರುಗಳಲ್ಲಿ ಸಿಗುವಷ್ಟು ಸುಲಭಕ್ಕೆ ಇಂಥವರು ಯಾದಗಿರಿಯಲ್ಲೋ ಚಾಮರಾಜನಗರದಲ್ಲೋ ಸಿಗುವುದಿಲ್ಲ. 48 ಗಂಟೆಯ ಗಡುವಿನ ಕೆಲಸಕ್ಕೆ ಪಕ್ಕದ ಜಿಲ್ಲೆಯ ತಜ್ಞರು ವಿಡಿಯೊ ಮೂಲಕ ರೋಗಿಯನ್ನು, ಸ್ಕ್ಯಾನ್‌ಗಳನ್ನು ನೋಡಿ ಸಹಿ ಮಾಡಬಹುದೇ ಎಂಬುದನ್ನು ಇಲಾಖೆ ಒಂದು ಸುತ್ತೋಲೆಯಲ್ಲಿ ಸ್ಪಷ್ಟಪಡಿಸಬಹುದು. ಮಂಡಳಿಯ ನಮೂನೆಗಳು, ಲಿವಿಂಗ್ ವಿಲ್‌ನ ಮಾದರಿ, ಮನೆಯವರ ಒಪ್ಪಿಗೆ ಪತ್ರ ಇಷ್ಟನ್ನೂ ಕನ್ನಡದಲ್ಲಿ ಪ್ರತಿ ಐಸಿಯುಗೆ ಕಳಿಸಬಹುದು. ವೈದ್ಯರ ನೋಂದಣಿ ನವೀಕರಣಕ್ಕೆ ರಾಜ್ಯ ವೈದ್ಯಕೀಯ ಪರಿಷತ್ತು ಕೇಳುವ ಮುಂದುವರಿದ ಕಲಿಕೆಯ ಗಂಟೆಗಳಲ್ಲಿ ಎರಡನ್ನು ಇದಕ್ಕೆ ಮೀಸಲಿಟ್ಟರೆ ಯಾರ ಗಂಟೂ ಹೋಗುವುದಿಲ್ಲ. ಡಿಎಚ್‌ಒ ಹೆಸರಿಸಿದ ವೈದ್ಯರು ಯಾರು, ಅವರು ರಜೆಯಲ್ಲಿದ್ದರೆ ಬದಲಿ ಯಾರು, ನಡುರಾತ್ರಿ ಯಾವ ನಂಬರಿಗೆ ಕರೆ ಮಾಡಬೇಕು ಎಂಬ ಪಟ್ಟಿ ಮೊದಲು ಹೊರಬರಲಿ. ಐಸಿಯು ಮೇಜಿನ ಮೇಲೆ ಲಾಮಾ ಹಾಳೆಯ ಪಕ್ಕ ಅದನ್ನೂ ಇಡಲು ಜಾಗವಿದೆ.